ಪಲ್ಪ್ ಕಾರ್ಖಾನೆಯ ತ್ಯಾಜ್ಯ ಮತ್ತು ಹೂಳಿನ ಪದರಗಳು: ನಮ್ಮ ಎರೆಭೂಮಿಯ ಕೆರೆಗಳಲ್ಲಿ ಇಂಥ ಅಧ್ಯಯನ ಸಾಧ್ಯವೇ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಹಿರಿಯರಿಗೆ ನಮಸ್ಕಾರ. ಕಾಗದದ ಪಲ್ಪ್ (ಮರದ ನಾರಿನ ಮುದ್ದೆ) ಕಾರ್ಖಾನೆಗಳ ತ್ಯಾಜ್ಯನೀರು ಸರೋವರಗಳ ಹೂಳಿನಲ್ಲಿ ಏನನ್ನು ಉಳಿಸಿಹೋಗುತ್ತದೆ ಎಂಬುದು ನನ್ನ ಸೆಮಿನಾರಿನ ವಿಷಯ. ಕೆನಡಾದ ಡ್ರೈಡನ್‌ನಲ್ಲಿ ಪಾದರಸ ಬಳಸಿ ಕ್ಲೋರಿನ್ ತಯಾರಿಸಿ ಪಲ್ಪ್ ಗಿರಣಿಗೆ ಒದಗಿಸುತ್ತಿದ್ದ ಘಟಕದಿಂದ 1962ರಿಂದ 1970ರವರೆಗೆ ವಾಬಿಗೂನ್ ನದಿಗೆ ಸುಮಾರು 9ರಿಂದ 10 ಟನ್ ಪಾದರಸ ಸೇರಿತು. ಅರ್ಧ ಶತಮಾನದ ನಂತರವೂ ಕೆಳಹರಿವಿನ ಕ್ಲೇ ಲೇಕ್‌ನ ಮೀನುಗಳಲ್ಲಿ ಅದರ ಪ್ರಮಾಣ ಹೆಚ್ಚಾಗಿಯೇ ಇದೆ. ಮೂಲ ನಿಂತರೂ ವಿಷ ಉಳಿಯುವುದೇಕೆ? ಹೂಳಿನ ಪದರಗಳಿಗೆ ಸೀಸ-210ರಿಂದ (ಸೀಸದ ವಿಕಿರಣಶೀಲ ರೂಪ) ಕಾಲ ನಿಗದಿ ಮಾಡುವ ಕ್ರಮವನ್ನು ನಮ್ಮ ಜಿಲ್ಲೆಯ ಯಾವುದಾದರೂ ಕೆರೆಯಲ್ಲಿ ಅನುಸರಿಸಬಹುದೇ?

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಬೀದರ್

ತಂಗಿ, ಪಾದರಸದ ವಿಷಯವನ್ನೂ ಕ್ಲೋರಿನ್ನಿನ ವಿಷಯವನ್ನೂ ಸೆಮಿನಾರಿನಲ್ಲಿ ಬೇರೆಬೇರೆಯಾಗಿಯೇ ಇಡಿ. ಬೇಯಿಸಿದ ನಾರಿನಲ್ಲಿ ಉಳಿದ ಲಿಗ್ನಿನ್ (ಮರದ ನಾರುಗಳನ್ನು ಬಂಧಿಸುವ ವಸ್ತು) ತೆಗೆಯಲು ಕ್ಲೋರಿನ್ ಅನಿಲ ಬಳಸಿದಾಗ ಕ್ಲೋರೊಫೀನಾಲ್‌ಗಳೂ ಅತ್ಯಲ್ಪ ಪ್ರಮಾಣದಲ್ಲಿ ತೀವ್ರ ವಿಷಕಾರಿಯಾದ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. 1980ರ ದಶಕದಲ್ಲಿ ಇದು ಬಯಲಾದ ಬಳಿಕವೇ ಬಹಳಷ್ಟು ಗಿರಣಿಗಳು ಕ್ಲೋರಿನ್ ಡಯಾಕ್ಸೈಡ್‌ಗೆ ಬದಲಾದವು. ಡಯಾಕ್ಸಿನ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದು ಸಾವಯವ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ, ಆ ಕಣಗಳನ್ನು ಗಿರಣಿಯಿಂದಲೇ ಕೊಚ್ಚಿಬಂದ ನಾರಿನ ಚೂರುಗಳು ಧಾರಾಳವಾಗಿ ಒದಗಿಸುತ್ತವೆ. ನಾರು ಕೊಳೆಯುತ್ತ ಆಮ್ಲಜನಕವನ್ನು ಮುಗಿಸಿಬಿಡುವುದರಿಂದ ತಳದ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಂಥ ಕೆಸರಿನಲ್ಲಿ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಸಾಗುತ್ತ ಹಂತಹಂತಕ್ಕೂ ಸಾಂದ್ರವಾಗುತ್ತದೆ. ಮೇಲಿನ ನೀರನ್ನಷ್ಟೇ ಪರೀಕ್ಷಿಸಿ ಸರೋವರ ಶುದ್ಧವಾಯಿತೆನ್ನುವ ವರದಿಗಳಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಉತ್ತರ: ಅಂತರ್ಜಲ ಸಮೀಕ್ಷೆಯಲ್ಲಿರುವವರು, ಕಲಬುರಗಿ

ಎರಡನೆಯ ಪ್ರಶ್ನೆಯಲ್ಲಿಯೇ ತೊಡಕಿರುವುದು. ಸೀಸ-210ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 22 ವರ್ಷವಾದ್ದರಿಂದ ಕಳೆದ ನೂರು, ನೂರೈವತ್ತು ವರ್ಷಗಳ ಪದರಗಳಿಗೆ ಅದು ತಕ್ಕದ್ದು. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137ರ 1963ರ ಶಿಖರದೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಇದೆಲ್ಲಕ್ಕೂ ಪದರಗಳು ಕದಲದೆ ಒಂದರ ಮೇಲೊಂದು ಕೂತಿರಬೇಕು. ನಮ್ಮ ಎರೆಭೂಮಿಯ ಕೆರೆ ಏಪ್ರಿಲ್, ಮೇ ತಿಂಗಳಲ್ಲಿ ಬತ್ತಿದರೆ ತಳದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಗೆ ಮೇಲಿನ ಮಣ್ಣು ಆ ಬಿರುಕುಗಳೊಳಗೆ ಇಳಿದು ಹೊಸದೂ ಹಳೆಯದೂ ಬೆರೆತುಹೋಗುತ್ತವೆ. ಜನ ಹೂಳೆತ್ತಿರುವುದು ಬೇರೆ. ಹಾಗಾಗಿ ಬತ್ತುವ ಕೆರೆಯನ್ನು ಬಿಟ್ಟು ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಆಳದ ಭಾಗದಂಥ ಸ್ಥಳವನ್ನು ಯೋಚಿಸಿ. ಅಲ್ಲಿ ಮುಳುಗಡೆಗೆ ಮುಂಚಿನ ಹೊಲದ ಮಣ್ಣು ಸಿಕ್ಕಿದ ಮಟ್ಟವೇ ಒಂದು ಖಚಿತ ಕಾಲಗುರುತು.

ಇನ್ನೊಂದು ಮಾತು: ಬಸಾಲ್ಟ್ ಮೂಲದ ಮಣ್ಣಿನಲ್ಲಿ ತಾಮ್ರ, ಕ್ರೋಮಿಯಂ ಸಹಜವಾಗಿಯೇ ಹೆಚ್ಚು. ಶಹಾಬಾದ್ ಕಡೆಯ ಸುಣ್ಣಕಲ್ಲಿಗಾಗಲಿ ಯಾದಗಿರಿಯ ಗ್ರಾನೈಟ್‌ಗಾಗಲಿ ಅದೇ ಅಳತೆ ಹಿಡಿದರೆ ಮಾಲಿನ್ಯವಿರುವ ಕಡೆಯೂ ಅದು ಕಾಣದೆ ಹೋದೀತು.

ಉತ್ತರ: ರೈತ, ಯಾದಗಿರಿ ಜಿಲ್ಲೆ

ನಮ್ಮೂರ ಕೆರೆಗೆ ಒಂದು ಕಾರ್ಖಾನೆಯ ಗಟಾರದ ನೀರು ಬಂದು ಸೇರುತ್ತದೆ. ಅದು ಕಾಗದದ ಕಾರ್ಖಾನೆಯಲ್ಲ. ಬೇಸಿಗೆಯಲ್ಲಿ ಆ ಕೆರೆಯ ಮಣ್ಣನ್ನೇ ಟ್ರ್ಯಾಕ್ಟರ್‌ನಲ್ಲಿ ತೊಗರಿ ಹೊಲಕ್ಕೆ ಹೊಡೆಯುತ್ತೇವೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಎಲ್ಲ ಸರಿಯಾಗಿದೆಯೆಂದು ಬಂದಿದೆ. ಅಷ್ಟು ಸಾಕೇ ಸರ್?

ಉತ್ತರ: ಅಂತರ್ಜಲ ಸಮೀಕ್ಷೆಯಲ್ಲಿರುವವರು, ಕಲಬುರಗಿ

ಸಾಲದು, ಅಣ್ಣಾ. ಆ ಕಾರ್ಡಿನ 12 ಅಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ತಾಮ್ರದಂಥವು ಇವೆಯೇ ಹೊರತು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸಗಳಿಲ್ಲ. ಅದು ಬೆಳೆಗೆ ಬೇಕಾದ ಪೋಷಕಾಂಶದ ಲೆಕ್ಕ ಮಾತ್ರ. ಗಟಾರ ಸೇರುವ ಬಾಯಿಯ ಹತ್ತಿರದಿಂದ ಒಂದು, ಸಣ್ಣ ಜೇಡಿ ಕೂರುವ ಏರಿಯ ಬುಡದಿಂದ ಒಂದು, ಕಾರ್ಖಾನೆಯ ನೀರು ಸೇರದ ಪಕ್ಕದ ಕೆರೆಯಿಂದ ಒಂದು ಮಾದರಿ ತೆಗೆದು ಲೋಹಗಳ ಪರೀಕ್ಷೆಗೆ ಕೊಡಿ. ಮೂರನೆಯದು ಇಲ್ಲದಿದ್ದರೆ ಮೊದಲೆರಡರ ಅಂಕಿಗಳನ್ನು ಹೋಲಿಸಲು ಆಧಾರವೇ ಇರುವುದಿಲ್ಲ. ಫಲಿತಾಂಶ ಕೈಗೆ ಬರುವವರೆಗೆ ಆ ಕೆರೆಯ ಮಣ್ಣನ್ನು, ಮುಖ್ಯವಾಗಿ ಬಾಯಿಯ ಕಡೆಯದನ್ನು, ಹೊಲಕ್ಕೆ ಹೊಡೆಯಬೇಡಿ.