ಮತದ ಹಕ್ಕಿದ್ದರೆ ಸಾಕೇ, ಎಣಿಸುವ ನಿಯಮವೂ ಅಷ್ಟೇ ಮುಖ್ಯವೇ?

ಪ್ರಶ್ನೆ:
ವಯಸ್ಕರೆಲ್ಲರಿಗೂ ಮತದಾನದ ಹಕ್ಕು ದೊರೆತ ಮೇಲೆ ಪ್ರಜಾಪ್ರಭುತ್ವದ ದೊಡ್ಡ ಕೆಲಸ ಮುಗಿದಂತೆಯೇ ಎಂದು ನಂಬಿದ್ದೆ. 2002ರ ಟರ್ಕಿ ಚುನಾವಣೆಯ ಫಲಿತಾಂಶ ಓದಿದ ಮೇಲೆ ಆ ನಂಬಿಕೆ ಅಲುಗಾಡಿದೆ. ಶೇ 10ರಷ್ಟು ಮತ ಪಡೆಯದ ಪಕ್ಷಕ್ಕೆ ಸಂಸತ್ತಿನಲ್ಲಿ ಸ್ಥಾನವಿಲ್ಲವೆಂಬ ನಿಯಮವಿದ್ದುದರಿಂದ ಎರಡೇ ಪಕ್ಷಗಳು ಒಳಹೊಕ್ಕವು. ಸುಮಾರು ಶೇ 34ರಷ್ಟು ಮತ ಗಳಿಸಿದ ಪಕ್ಷಕ್ಕೆ 550ರಲ್ಲಿ 363 ಸ್ಥಾನಗಳು ದಕ್ಕಿದವು. ಉಳಿದ ಪಕ್ಷಗಳ ಮತದಾರರ ಹಕ್ಕನ್ನು ಯಾರೂ ಕಸಿದುಕೊಂಡಿರಲಿಲ್ಲ. ಹಾಗಾದರೆ ಅವರ ಮತ ಏನಾಯಿತು?

ಉತ್ತರ 1:
ಒಂದು ಕ್ಷೇತ್ರದಲ್ಲಿ ನೂರು ಮತಗಳು ಬಿದ್ದು, ಮೂವರು ಅಭ್ಯರ್ಥಿಗಳಿಗೆ 36, 33, 31 ಬಂದವೆನ್ನಿ. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಮೊದಲಿನವರು ಆರಿಸಿಬರುತ್ತಾರೆ. ಆಸ್ಟ್ರೇಲಿಯಾದಂತೆ ಮತದಾರರು 1, 2, 3 ಎಂದು ಆದ್ಯತೆ ಗುರುತಿಸುವುದಾದರೆ ಕೊನೆಯವರನ್ನು ಕೈಬಿಟ್ಟು, ಅವರ 31 ಮತಪತ್ರಗಳನ್ನು ಎರಡನೆಯ ಆದ್ಯತೆಯಂತೆ ಹಂಚಲಾಗುತ್ತದೆ. ಅವುಗಳಲ್ಲಿ 20 ಮತಗಳು ಎರಡನೆಯವರ ಕಡೆ ಹೋದರೆ 53 ಮತಗಳೊಂದಿಗೆ ಅವರೇ ಗೆಲ್ಲುತ್ತಾರೆ. ಜನರ ಮನಸ್ಸು ಒಂದಿಷ್ಟೂ ಬದಲಾಗಿಲ್ಲ, ಪ್ರತಿನಿಧಿ ಮಾತ್ರ ಬದಲಾದರು. ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಿದ್ದ ನ್ಯೂಜಿಲೆಂಡ್‌ನಲ್ಲಿ 1978 ಮತ್ತು 1981ರಲ್ಲಿ ಒಟ್ಟಾರೆ ಎದುರಾಳಿಗಿಂತ ಕಡಿಮೆ ಮತ ಪಡೆದ ಪಕ್ಷವೇ ಬಹುಮತದ ಸರ್ಕಾರ ರಚಿಸಿತ್ತು. 1993ರ ಜನಮತಗಣನೆಯಲ್ಲಿ ಅಲ್ಲಿನ ಮತದಾರರೇ ಪದ್ಧತಿಯನ್ನು ಬದಲಿಸಿದರು. ಆಡುವವರೇ ಆಟದ ನಿಯಮವನ್ನು ತಿದ್ದಿದ ಈ ಪ್ರಸಂಗವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಉತ್ತರ 2:
ಹಕ್ಕಿನ ಪ್ರಶ್ನೆಯೂ ಕಾಗದದ ಮೇಲೆ ಮುಗಿಯುವುದಿಲ್ಲ. ಜನಾಂಗದ ಕಾರಣಕ್ಕೆ ಮತದಾನವನ್ನು ನಿರಾಕರಿಸಬಾರದೆಂದು ಅಮೆರಿಕದ ಸಂವಿಧಾನ 1870ರಲ್ಲೇ ಹೇಳಿತ್ತು. ಆದರೂ ಮಿಸಿಸಿಪಿಯಲ್ಲಿ ಹೆಸರು ನೋಂದಾಯಿಸಲು ಹೋದ ಕಪ್ಪು ಜನರ ಮುಂದೆ ಗುಮಾಸ್ತ ರಾಜ್ಯ ಸಂವಿಧಾನದ ಒಂದು ವಿಧಿಯನ್ನಿಟ್ಟು, ಅದರ ಅರ್ಥವನ್ನು ಬರೆಯಲು ಹೇಳುತ್ತಿದ್ದ. ಉತ್ತರ ಸರಿಯೇ ತಪ್ಪೇ ಎಂದು ತೀರ್ಮಾನಿಸುವವನೂ ಅವನೇ. 1965ರ ಮತದಾನ ಹಕ್ಕುಗಳ ಕಾಯ್ದೆ ಇಂತಹ ಪರೀಕ್ಷೆಗಳನ್ನು ತಡೆದ ಬಳಿಕ, ಶೇ 7ನ್ನೂ ಮುಟ್ಟದಿದ್ದ ಅಲ್ಲಿನ ಕಪ್ಪು ಮತದಾರರ ನೋಂದಣಿ ಕೆಲವೇ ವರ್ಷಗಳಲ್ಲಿ ಶೇ 60ರ ಸಮೀಪಕ್ಕೆ ಏರಿತು. ಹಕ್ಕು ದಶಕಗಳ ಕಾಲ ಆ ಗುಮಾಸ್ತನ ಮೇಜಿನ ಆಚೆಗೇ ಉಳಿದಿತ್ತು.

ಉತ್ತರ 3:
ಕನಿಷ್ಠ ಮಿತಿಯೇ ಅನ್ಯಾಯವೆನ್ನಲಾಗದು. ಸಣ್ಣ ಪಕ್ಷಗಳಾಗಿ ಸಂಸತ್ತು ಛಿದ್ರಗೊಂಡದ್ದನ್ನು ಕಂಡಿದ್ದ ಜರ್ಮನಿ ಯೋಚಿಸಿಯೇ ಶೇ 5ರ ಮಿತಿಯನ್ನು ಇಟ್ಟುಕೊಂಡಿದೆ. ಆದರೆ ಶೇ 10 ತೀರಾ ಎತ್ತರದ ಗೋಡೆ. ಟರ್ಕಿಯೂ 2022ರಲ್ಲಿ ಅದನ್ನು ಶೇ 7ಕ್ಕೆ ಇಳಿಸಿತು.