ಬಾತ್ ಊರಿನ ಜಾಗದ ತಕರಾರು

ರಾಯರು ಇಂಗ್ಲೆಂಡಿನಲ್ಲಿರುವ ಮಗಳ ಮನೆಯಿಂದ ಬಂದ ದಿನ ಅರಳಿಕಟ್ಟೆ ಭರ್ತಿಯಾಗಿತ್ತು.

"ಮೂರು ತಿಂಗಳು ಬಾತ್‌ನಲ್ಲೇ ಇದ್ದೆ" ಎಂದರು.

"ಖಾರಾಬಾತೋ, ವಾಂಗಿಬಾತೋ?" ಎಂದರು ಮೇಷ್ಟ್ರು.

"ಊರಿನ ಹೆಸರು ಸ್ವಾಮಿ! ಅಳಿಯ ರಗ್ಬಿ ಮ್ಯಾಚಿಗೆ ಕರೆದುಕೊಂಡು ಹೋಗಿದ್ದ. ಊರ ನಟ್ಟನಡುವೆ, ಏವನ್ ನದಿ ದಂಡೆಯಲ್ಲೇ ಬಾತ್ ರಗ್ಬಿ ಕ್ಲಬ್ ಆಡುವ ಮೈದಾನ. ರೆಕ್ರಿಯೇಷನ್ ಗ್ರೌಂಡ್ ಅಂತ. ಅಲ್ಲಿಯವರ ಬಾಯಲ್ಲಿ ಬರೀ 'ರೆಕ್'. ಜೋರಾಗಿ ಒದ್ದರೆ ಚೆಂಡು ಸೀದಾ ನೀರಿಗೆ."

"ನಮ್ಮ ಕಾಲದಲ್ಲಿ ಚೆಂಡು ಬಾವಿಗೆ ಬೀಳುತ್ತಿತ್ತು" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಭಟ್ರು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಲವತ್ತು ವರ್ಷ ಪತ್ರ ಬರೆದವರು. ತಾಜ್‌ಮಹಲ್ ತೋರಿಸಿದರೂ ಖಾತೆ ಯಾರ ಹೆಸರಲ್ಲಿದೆ ಎಂದು ಕೇಳುವ ಪೈಕಿ. "ಜಾಗ ಕ್ಲಬ್ಬಿನದ್ದೇನಾ?" ಎಂದರು.

"ಅದೇ ನೋಡಿ ರಾಮಾಯಣ. ಕ್ಲಬ್ ಹುಟ್ಟಿದ್ದು 1865ರಲ್ಲಿ. ರೆಕ್‌ನಲ್ಲಿ ಆಡುತ್ತಿರುವುದು 1894ರಿಂದ. ಆದರೆ ಜಾಗ ಇವತ್ತಿಗೂ ಅವರದ್ದಲ್ಲ, ಗುತ್ತಿಗೆ."

"ನೂರಮೂವತ್ತು ವರ್ಷ! ನಮ್ಮ ಔಟ್‌ಹೌಸಿನವನೇ ಪರವಾಗಿಲ್ಲ" ಎಂದರು ಮೇಷ್ಟ್ರು.

"1922ರಲ್ಲಿ ಕ್ಯಾಪ್ಟನ್ ಫಾರೆಸ್ಟರ್ ಅನ್ನುವ ಜಮೀನ್ದಾರ ಮೈದಾನವನ್ನು ಒಂದು ಕಂಪನಿಗೆ ಮಾರಿದ. ಪತ್ರದಲ್ಲಿ ಒಂದು ಷರತ್ತು ಸೇರಿಸಿದ. ನೆರೆಹೊರೆಗೆ ಕಿರಿಕಿರಿಯಾಗುವಂಥದ್ದೇನನ್ನೂ ಇಲ್ಲಿ ಕಟ್ಟಕೂಡದು ಅಂತ."

ಭಟ್ರು ಕನ್ನಡಕ ಸರಿಮಾಡಿಕೊಂಡರು. "ನೆರೆಹೊರೆ ಅಂದ್ರೆ? ಯಾವ ಮನೆ, ಯಾವ ಬೀದಿ? ಚಕ್ಕುಬಂದಿ ಬರೆದಿದ್ದಾರಾ?"

"ಸುಮ್ನೆ ಕೇಳ್ರೀ. 1956ರಲ್ಲಿ ಊರಿನ ಕೌನ್ಸಿಲ್ ಜಾಗ ಕೊಂಡಿತು. ಆಗ ಇನ್ನೊಂದು ಷರತ್ತು. ಯಾವುದೇ ಒಂದು ಆಟಕ್ಕೋ ಒಂದು ಕ್ಲಬ್ಬಿಗೋ ಜಾಸ್ತಿ ಒಲವು ತೋರಿಸಬಾರದು. ಹೀಗಾಗಿ ಇದು ಸಾರ್ವಜನಿಕರ ಟ್ರಸ್ಟಿನ ಆಸ್ತಿ ಅಂತ 2002ರಲ್ಲಿ ಹೈಕೋರ್ಟೇ ಹೇಳಿತು. ಬೇಸಿಗೆ ಬಂತೋ, ಕ್ರಿಕೆಟ್ಟಿಗೆ ಜಾಗ ಬಿಡಬೇಕು. ಅದಕ್ಕೇ ಪೂರ್ವದ ಕಡೆಯ ಇಡೀ ಸ್ಟ್ಯಾಂಡನ್ನು ಬಿಚ್ಚಿಡುವ ಪದ್ಧತಿ. ಬೇಸಿಗೆ ಮುಗಿದ ಮೇಲೆ ಮತ್ತೆ ಕಟ್ಟೋದು."

"ಸ್ಟೇಡಿಯಂ ಅಲ್ಲ, ಮದುವೆ ಚಪ್ಪರ" ಎಂದರು ಮೇಷ್ಟ್ರು.

"ಇಂಥ ಚಪ್ಪರದಲ್ಲೇ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಜನ ಕೂರ್ತಾರೆ. ಹದಿನೆಂಟು ಸಾವಿರದ ಪಕ್ಕಾ ಸ್ಟೇಡಿಯಂ ಕಟ್ಟಬೇಕು ಅಂತ ಕ್ಲಬ್ಬಿನ ಆಸೆ. ಅಕ್ಕಪಕ್ಕದವರು ಬಿಡಬೇಕಲ್ಲ? ಹಳೇ ಪತ್ರ ಹಿಡಿದು ಕೋರ್ಟಿನಲ್ಲಿ ನಿಂತರು. ಆ ಷರತ್ತು ಇನ್ನೂ ಜೀವಂತವಾಗಿದೆ ಅಂತ 2020ರಲ್ಲಿ ಹೈಕೋರ್ಟು ಹೇಳಿತು. ಕ್ಲಬ್ಬಿನವರ ಮುಖ ಬಾಡಿಹೋಯಿತು. 2021ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೇ ರದ್ದು ಮಾಡಿತು."

"ಯಾಕೆ?"

ರಾಯರು ಒಂದು ಕ್ಷಣ ತಡೆದರು. ಹೇಳಲು ಇಷ್ಟವಿರಲಿಲ್ಲ ಎಂದು ಕಾಣುತ್ತದೆ. "ಷರತ್ತಿನ ಲಾಭ ಯಾವ ಜಮೀನಿಗೆ ಅಂತ ಪತ್ರದಲ್ಲಿ ಸರಿಯಾಗಿ ಗುರುತಿಸಿಲ್ಲವಂತೆ. ಬರೀ 'ನೆರೆಹೊರೆ' ಅಂದ್ರೆ ಸಾಲದಂತೆ."

ಭಟ್ರು ಕಟ್ಟೆಯಿಂದ ಎದ್ದೇ ನಿಂತರು. "ನಾನೇನು ಕೇಳಿದ್ದು? ಚಕ್ಕುಬಂದಿ! ಅಲ್ಲಿನ ವಕೀಲರು ಎಷ್ಟು ಪೌಂಡು ಕಿತ್ತರೋ. ನನ್ನನ್ನು ಕೇಳಿದ್ದರೆ ಒಂದು ಕಾಫಿಗೆ ಹೇಳ್ತಿದ್ದೆ."

ಕಾಫಿ ಕೊಡಿಸಿದ್ದು ನಾನು. ಅಪೀಲು ಗೆದ್ದವರ ಗತ್ತಿನಲ್ಲಿ ಭಟ್ರು ವಡೆಯನ್ನೂ ತರಿಸಿಕೊಂಡರು.

"ಅಲ್ಲಾ, ಈ ಗಲಾಟೆಯಲ್ಲಿ ಅವರು ಆಟ ಆಡೋದು ಯಾವಾಗ?" ಎಂದರು ಮೇಷ್ಟ್ರು.

"ಆಡ್ತಾರ್ರೀ. 1996ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದಿದ್ದರು. ಆಮೇಲೆ 2025ರಲ್ಲೇ ಮತ್ತೆ ಗೆದ್ದದ್ದು. ಫೈನಲ್‌ನಲ್ಲಿ ಲೆಸ್ಟರ್ ವಿರುದ್ಧ 23-21. ಎರಡೇ ಪಾಯಿಂಟ್!"

"ನೀವು ಹೋದ ಮ್ಯಾಚು ಯಾರು ಗೆದ್ದರು?"

ರಾಯರು ಕಾಫಿ ಲೋಟದೊಳಗೆ ಇಣುಕಿದರು.

"ಗೊತ್ತಿಲ್ಲಪ್ಪ. ಚೆಂಡು ನದಿಗೆ ಬೀಳುತ್ತೇನೋ ಅಂತ ಪೂರ್ತಿ ಮ್ಯಾಚು ಆ ಕಡೆಯೇ ನೋಡ್ತಾ ಕೂತಿದ್ದೆ."

"ಬಿತ್ತಾ?"

"ಇಲ್ಲ."