ಜಿಪ್ಸಿ ಬ್ರೇಕ್ ಪೆಡಲ್ ಮೆತ್ತಗೆ, ನಾಲ್ಕು ಸಲ ಏರ್ ತೆಗೆದ್ರೂ ಸರಿ ಆಗ್ತಾ ಇಲ್ಲ

ದೇವಿಮನೆ_ಜಿಪ್ಸಿ (ಶಿರಸಿ)
ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೀತಾ ಇದ್ದೆ. ನನ್ನ ಮಾರುತಿ ಜಿಪ್ಸಿ ಜೀಪಿನ ಬ್ರೇಕ್ ಪೆಡಲ್ ಪೂರ್ತಿ ಮೆತ್ತಗೆ, ಕಾಲಿಟ್ರೆ ಕೆಸರಲ್ಲಿ ಹೂತ ಹಾಗೆ ಒಳಗೆ ಹೋಗ್ತದೆ, ಎರಡು ಮೂರು ಸಲ ಪಂಪ್ ಹೊಡೆದ್ರೆ ಮೇಲೆ ಬರ್ತದೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಅದೇ ಕತೆ. ಬ್ರೇಕ್ ಲೈನಲ್ಲಿ ಸೇರಿದ ಗಾಳಿ, ಅಂದ್ರೆ ಏರ್, ನಾಲ್ಕು ಸಲ ತೆಗೆದಾಯ್ತು, ಒಂದು ಲೀಟರ್ ಬ್ರೇಕ್ ಆಯಿಲ್ ಖಾಲಿ, ಎಲ್ಲೂ ಒಂದು ಹನಿ ಲೀಕ್ ಇಲ್ಲ. ಮೊನ್ನೆ ದೇವಿಮನೆ ಘಟ್ಟ ಇಳೀಬೇಕಾದ್ರೆ ತಿರುವಲ್ಲಿ ಎದುರಿಗೆ ಟ್ಯಾಂಕರ್ ಬಂತು, ಸೆಕೆಂಡ್ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದು. ಪಕ್ಕದಲ್ಲಿ ಆಯಿ ಕೂತಿದ್ಲು. ಈಗ ಮನೇಲಿ ಯಾರೂ ಗಾಡಿ ಹತ್ತೂದಿಲ್ಲ. ಏನು ಮಾಡೋದು ಹೇಳಿ.

ಅರಬೈಲ್_ಡ್ರೈವರ್ (ಯಲ್ಲಾಪುರ)
ಮಾಸ್ಟರ್ ಸಿಲಿಂಡರ್. ಪೆಡಲ್ ಒತ್ತಿದಾಗ ಆಯಿಲ್ ತಳ್ಳೂದು ಅದೇ, ಅದರ ಒಳಗಿನ ರಬ್ಬರ್ ಕಪ್ ಸವೆದು ಆಯಿಲ್ ಹಿಂದಕ್ಕೆ ಹೋಗ್ತಾ ಇದೆ, ಅದಕ್ಕೇ ಹೊರಗೆ ಏನೂ ಕಾಣ್ತಿಲ್ಲ. ಇಪ್ಪತ್ತು ವರ್ಷ ಅರಬೈಲ್ ಘಟ್ಟದಲ್ಲಿ ಲಾರಿ ಇಳಿಸಿದವ ನಾನು. ಬರೀ ರಬ್ಬರ್ ಕಿಟ್ ಹಾಕ್ತಾ ಕೂರಬೇಡಿ, ಪೂರ್ತಿ ಅಸೆಂಬ್ಲಿನೇ ಬದಲಿಸಿ.

ಸಿದ್ದಾಪುರ_ಸ್ಪಾನರ್
ಇಷ್ಟು ಬೇಗ ಖರ್ಚು ಮಾಡಿಸಬೇಡಿ ಅಣ್ಣ. ಭಾವ, ಮೊದಲು ಇದು ನೋಡು. ಇಂಜಿನ್ ಬಂದ್ ಇಟ್ಟು ಐದಾರು ಸಲ ಪಂಪ್ ಮಾಡು, ಪೆಡಲ್ ಗಟ್ಟಿ ಆದ್ಮೇಲೆ ಕಾಲು ತೆಗೀದೆ ಒಂದು ನಿಮಿಷ ಒತ್ತಿ ಹಿಡ್ಕೊ. ನಿಧಾನಕ್ಕೆ ಕೆಳಗೆ ಇಳೀತಾ ಹೋದ್ರೆ ಮಾಸ್ಟರ್ ಸಿಲಿಂಡರ್. ಅಲ್ಲೇ ನಿಂತ್ರೆ ಲೈನಲ್ಲಿ ಗಾಳಿ ಇದೆ, ಇಲ್ಲಾ ಹಿಂದಿನ ಚಕ್ರದ ಡ್ರಮ್ಮಲ್ಲಿ ಒಳಗಿಂದ ಒತ್ತೋ ಶೂ ಗ್ಯಾಪ್ ಜಾಸ್ತಿ ಆಗಿದೆ. ಗಾಡಿ ಯಾವ ವರ್ಷದ್ದು? ಇತ್ತೀಚೆಗೆ ಏನು ಬಿಚ್ಚಿದ್ದೆ?

ದೇವಿಮನೆ_ಜಿಪ್ಸಿ
98ರ ಜಿಪ್ಸಿ ಕಿಂಗ್. ಒತ್ತಿ ಹಿಡ್ದೆ, ಇಳೀಲಿಲ್ಲ. ಏನೂ ಬಿಚ್ಚಿಲ್ಲ ಭಾವ, ಮಳೆಗಾಲಕ್ಕೆ ಮುಂಚೆ ಮಾಮೂಲಿ ಸರ್ವಿಸ್ ಮಾಡ್ಸಿದ್ದು ಅಷ್ಟೇ. ಹಿಂದಿನ ಡ್ರಮ್ ಇವತ್ತು ತೆಗೆದು ನೋಡ್ದೆ, ಶೂ ದಪ್ಪ ಇದೆ, ಗ್ಯಾಪೂ ಸರಿ ಇದೆ.

ಅರಬೈಲ್_ಡ್ರೈವರ್
ಮನೆ ಅಂಗಳದಲ್ಲಿ ಇಳಿಯೂದಿಲ್ಲ, ಘಟ್ಟದಲ್ಲಿ ಬಿಸಿ ಆದ್ಮೇಲೆ ಇಳೀತದೆ. ಮಾಸ್ಟರೇ ಅದು, ನೋಡಿ ಬೇಕಾದ್ರೆ.

ಕಾಳಿತೀರ (ಕಾರವಾರ)
ಬಿಸಿ ಅಂದ್ರಲ್ಲ, ಹಾಗಾದ್ರೆ ಆಯಿಲ್ ಯಾವುದು ಕೇಳಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳ್ಕೊಳ್ತದೆ, ನಮ್ಮ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ರೆ ಮುಗೀತು. ಡಾಟ್ ಅಂದ್ರೆ ಬ್ರೇಕ್ ಆಯಿಲ್ ದರ್ಜೆ, ಹೊಸ ಡಾಟ್ 3 ಕಡಿಮೆ ಅಂದ್ರೆ 205 ಡಿಗ್ರಿ ತನಕ ಕುದಿಯಬಾರದು, ನೀರು ಸೇರಿದ್ಮೇಲೆ ಆ ಮಟ್ಟ 140ಕ್ಕೆ ಇಳೀತದೆ. ಡಾಟ್ 4 ಆದ್ರೆ 230, ನೀರು ಸೇರಿದ್ಮೇಲೆ 155. ಘಟ್ಟದಲ್ಲಿ ಒತ್ತಿ ಹಿಡಿದೇ ಇಳಿಸಿದ್ರೆ ಆಯಿಲ್ ಕುದ್ದು ಆವಿ ಆಗ್ತದೆ, ಆವಿ ಅಮುಕಿದ್ರೆ ಕುಗ್ತದೆ, ಪೆಡಲ್ ಮೆತ್ತಗೆ. ಡಾಟ್ 4 ಹಾಕಿ.

ಅರಬೈಲ್_ಡ್ರೈವರ್
ಡಾಟ್ 3 ಹಾಕೂ ಗಾಡಿಗೆ 4 ಹಾಕಿದ್ರೆ ರಬ್ಬರ್ ಉಬ್ತದೆ.

ಕಾಳಿತೀರ
ಇಲ್ಲ ಸ್ವಾಮಿ. 3, 4 ಎರಡೂ ಒಂದೇ ಜಾತಿಯ ಗ್ಲೈಕಾಲ್ ಆಯಿಲ್, ಸೇರಿಸಬಹುದು. ಸೇರಿಸಬಾರದ್ದು ಸಿಲಿಕೋನಿನ ಡಾಟ್ 5. ರಬ್ಬರ್ ಉಬ್ಬೋದು ಇಂಜಿನ್ ಆಯಿಲ್ಲೋ ಮಾಮೂಲಿ ಗ್ರೀಸೋ ತಾಗಿದ್ರೆ.

ಅರಬೈಲ್_ಡ್ರೈವರ್
ಪುಸ್ತಕ ಓದಿ ಹೇಳೂದು ಬೇರೆ, ಗಾಡಿ ಇಳಿಸೂದು ಬೇರೆ.

ಎಂಎಂ540_ಕುಮಟಾ
ಇದಕ್ಕೇ ನಾನು ಜಿಪ್ಸಿ ಬೇಡ ಅಂದಿದ್ದು. ನನ್ನ ಜೀಪಿಗೆ ಮುಂದೆ ಡಿಸ್ಕ್ ಕನ್ವರ್ಶನ್ ಮಾಡ್ಸಿ ಮೂರು ವರ್ಷ ಆಯ್ತು, ಬೂಸ್ಟರ್ ದೊಡ್ಡದು ಹಾಕ್ಸಿದ್ದೇನೆ, ಬೆರಳಲ್ಲಿ ಒತ್ತಿದ್ರೂ ನಿಲ್ತದೆ. ವಿಂಚ್ ಇದೆ, 31 ಇಂಚಿನ ಮಡ್ ಟೈರ್ ಇದೆ, ಧಾರೇಶ್ವರದ ಮರಳಲ್ಲಿ ಹೂತ ಎರಡು ಕಾರು ಎಳೆದಿದ್ದೇನೆ. ಫೋಟೋ ಹಾಕ್ತೇನೆ ನಾಳೆ.

ಸಿದ್ದಾಪುರ_ಸ್ಪಾನರ್
ಫೋಟೋ ಬೇರೆ ಕಡೆ ಹಾಕಿ ಮಾರಾಯ್ರೆ, ಇಲ್ಲಿ ಒಬ್ಬರಿಗೆ ಬ್ರೇಕ್ ಇಲ್ಲ. ಭಾವ, ಆಯಿಲ್ ಕುದ್ದಿದ್ರೆ ತಣ್ಣಗಾದ್ಮೇಲೆ ಪೆಡಲ್ ವಾಪಸ್ ಬರಬೇಕಿತ್ತು, ನಿಂದು ಬೆಳಗ್ಗೆ ಅಂಗಳದಲ್ಲೂ ಮೆತ್ತಗೆ ಅಂದ್ರೆ ಗಾಳಿನೇ. ಏರ್ ಹ್ಯಾಂಗೆ ತೆಗೀತೆ? ಮಾಸ್ಟರಿಗೆ ದೂರ ಇರೋ ಚಕ್ರದಿಂದ ಶುರು ಮಾಡ್ಬೇಕು, ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಕಡೆಗೆ ಮುಂದೆ ಬಲ. ಇನ್ನೊಂದು, ಪೆಡಲ್ ಕೆಳಗೆ ಅಡಿಕೆ ದಬ್ಬೆ ತುಂಡು ಇಟ್ಕೊ, ನೆಲದ ತನಕ ಒತ್ತಬೇಡ. ಹಳೇ ಸಿಲಿಂಡರಿನ ತುದಿ ಭಾಗದಲ್ಲಿ ಪಿಸ್ಟನ್ ಯಾವತ್ತೂ ಓಡಾಡಿರೂದಿಲ್ಲ, ಅಲ್ಲಿ ತುಕ್ಕು ಕೂತಿರ್ತದೆ, ಕಪ್ ಅಲ್ಲಿಗೆ ಹೋಗಿ ಹರಿದ್ರೆ ಸರಿ ಇದ್ದ ಮಾಸ್ಟರೂ ಹೋಗ್ತದೆ.

ಕಾಳಿತೀರ
ನಾಲ್ಕರಲ್ಲಿ ಯಾವ ಕಡೆ ಗಾಳಿ ಇದೆ ಅಂತ ಹುಡುಕೋದಕ್ಕೆ ಹೋಸ್ ಕ್ಲಾಂಪ್ ಸುಲಭ. ರಬ್ಬರ್ ಹೋಸನ್ನ ಒಂದೊಂದಾಗಿ ಮೆಲ್ಲಗೆ ಬಿಗಿದು ಪೆಡಲ್ ಒತ್ತಿ ನೋಡಿ, ಯಾವುದು ಬಿಗಿದಾಗ ಪೆಡಲ್ ಗಟ್ಟಿ ಆಗ್ತದೋ ತೊಂದ್ರೆ ಆ ಕಡೆ. ಇಕ್ಕಳದ ಹಲ್ಲು ನೇರ ತಾಗಿಸಬೇಡಿ, ಬಟ್ಟೆ ಸುತ್ತಿ. ಹೋಸ್ ಹಳೇದಾಗಿ ಬಿರುಕು ಬಿಟ್ಟಿದ್ರೆ ಈ ಕೆಲಸ ಮಾಡ್ಲೇಬೇಡಿ, ಹೋಸೇ ಬದಲಿಸಿ.

ದೇವಿಮನೆ_ಜಿಪ್ಸಿ
ಹಿಂದಿನದು ಬಿಗಿದ್ರೆ ಏನೂ ವ್ಯತ್ಯಾಸ ಇಲ್ಲ. ಮುಂದಿನದು ಒಂದೊಂದೇ ಬಿಗಿದ್ರೆ ಸ್ವಲ್ಪ ಗಟ್ಟಿ, ಎರಡೂ ಬಿಗಿದ್ರೆ ಕಲ್ಲು. ಆದ್ರೆ ಮುಂದೆ ಏರ್ ತೆಗೀಬೇಕಾದ್ರೆ ಬರೀ ಆಯಿಲ್ ಬರ್ತದೆ, ಒಂದು ಗುಳ್ಳೆನೂ ಇಲ್ಲ, ಪೈಪು ಬಾಟ್ಲಿ ಒಳಗೆ ಮುಳುಗಿಸಿಯೇ ಇಟ್ಟಿದ್ದೆ. ಫೋಟೋ ಹಾಕಿದ್ದೆ ನೋಡಿ.

ಅರಬೈಲ್_ಡ್ರೈವರ್
ಗುಳ್ಳೆ ಇಲ್ಲ ಅಂದ್ರೆ ಗಾಳಿ ಇಲ್ಲ. ಮೊದಲೇ ಹೇಳಿದ್ದೆ.

ಸಿದ್ದಾಪುರ_ಸ್ಪಾನರ್
ಭಾವ, ಫೋಟೋ ದೊಡ್ಡದು ಮಾಡಿ ನೋಡ್ದೆ. ಪೈಪು ಸಿಕ್ಕಿಸಿದ ನಿಪ್ಪಲ್, ಅದೇ ಗಾಳಿ ಬಿಡೋ ತಿರುಪು, ಮುಂದಿನ ಡಿಸ್ಕ್ ಹಿಡಿಯೋ ಕ್ಯಾಲಿಪರಿನ ಕೆಳಗಡೆ ಇದೆ. ಅದು ಮೇಲ್ಗಡೆ ಇರಬೇಕು! ಗಾಳಿ ಯಾವತ್ತೂ ಮೇಲೆ ಹೋಗಿ ಕೂರ್ತದೆ, ನೀನು ತಳದಿಂದ ಆಯಿಲ್ ತೆಗೀತಾ ಇದ್ದೆ, ನಾಲ್ಕಲ್ಲ ನಲವತ್ತು ಸಲ ತೆಗೆದ್ರೂ ಗುಳ್ಳೆ ಬರೂದಿಲ್ಲ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಖರೆ ಹೇಳು, ಕ್ಯಾಲಿಪರ್ ಬಿಚ್ಚಿದ್ರಾ ಇಲ್ವಾ?

ದೇವಿಮನೆ_ಜಿಪ್ಸಿ
ಅಯ್ಯೋ ದೇವ್ರೇ. ಬಿಚ್ಚಿದ್ರು, ಸರ್ವಿಸ್ ಟೈಮಲ್ಲಿ ಪಿಸ್ಟನ್ ಜಾಮ್ ಇದೆ ಅಂತ ಎರಡೂ ತೆಗೆದು ಸೀಲ್ ಹಾಕಿದ್ರು. ಅದು ಸರ್ವಿಸ್‌ನಲ್ಲೇ ಬಂತು ಅಂತ ನಾನು ಬೇರೆ ಹೇಳಿಲ್ಲ. ಪೆಡಲ್ ಮೆತ್ತಗಾಗಿದ್ದೂ ಆವಾಗಿಂದನೇ.

ಕಾಳಿತೀರ
ಅದಲು ಬದಲು ಮಾಡ್ಬೇಕಾದ್ರೆ ಹೋಸ್ ಬೋಲ್ಟಿನ ಎರಡೂ ಬದಿ ತಾಮ್ರದ ವಾಷರ್ ಹೊಸದೇ ಹಾಕಿ, ಹಳೇದು ಹಾಕಿದ್ರೆ ಅಲ್ಲಿಂದ ಜಿನುಗ್ತದೆ. ಆಯಿಲ್ ಬಣ್ಣದ ಮೇಲೆ ಬಿದ್ರೆ ತಕ್ಷಣ ನೀರು ಸುರೀರಿ, ಇಲ್ದಿದ್ರೆ ಬಣ್ಣ ಎದ್ದು ಬರ್ತದೆ.

ದೇವಿಮನೆ_ಜಿಪ್ಸಿ
ಒಂದು ವಾರ ಈ ಕಡೆ ಬರ್ಲಿಕ್ಕೆ ಆಗಿಲ್ಲ, ಮಳೆ ಸ್ವಲ್ಪ ಹೊಳವಾಯ್ತು ಅಂತ ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಸ್ತಾ ಇದ್ದಿತ್ತು. ನಿನ್ನೆ ಕ್ಯಾಲಿಪರ್ ಬದಲಿಸ್ದೆ. ಎಡದ ನಿಪ್ಪಲ್ ಕಾಲು ಸುತ್ತು ಬಿಚ್ಚಿದ್ದೇ ತಡ ಬಾಟ್ಲೀಲಿ ಬುಳುಬುಳು ಅಂತ ಗುಳ್ಳೆ, ನೊರೆ ಮೇಲಿನ ತನಕ ಬಂತು, ಪೆಡಲ್ ಒತ್ತತಾ ಇದ್ದ ತಮ್ಮ ಒಳಗಿಂದನೇ ಕೂಗಿದ, ಗಟ್ಟಿ ಆಯ್ತು ಅಂತ. ಈಗ ಅರ್ಧಕ್ಕೂ ಮೇಲೇ ಹಿಡೀತದೆ. ಸಿದ್ದಾಪುರದ ಭಾವಂಗೆ ಎಷ್ಟು ಹೇಳಿದ್ರೂ ಕಡಿಮೆ. ನಿಲೇಕಣಿ ತನಕ ಹೋಗಿ ಬಂದೆ, ಘಟ್ಟಕ್ಕೆ ಇನ್ನೂ ಇಳಿಸಿಲ್ಲ, ಯಾಕಂದ್ರೆ ಜೋರಾಗಿ ಒತ್ತಿದ್ರೆ ಗಾಡಿ ಸ್ವಲ್ಪ ಎಡಕ್ಕೆ ಎಳೀತಾ ಇದೆ.

ಅರಬೈಲ್_ಡ್ರೈವರ್
ಒಳ್ಳೇದಾಯ್ತು. ಆದ್ರೂ ಮಾಸ್ಟರ್ ಒಂದು ಸಲ ತೋರ್ಸಿ.

ಸಿದ್ದಾಪುರ_ಸ್ಪಾನರ್
ಎಡಕ್ಕೆ ಎಳೆದ್ರೆ ಬಲದ ಬ್ರೇಕ್ ಕಡಿಮೆ ಹಿಡೀತಾ ಇದೆ ಅಂತ. ಬಲದ ಕ್ಯಾಲಿಪರ್ ಜಾರೋ ಪಿನ್ ಎರಡೂ ಕೈಯಲ್ಲಿ ಸಲೀಸಾಗಿ ಓಡಾಡ್ತದಾ ನೋಡು, ಬಿಗಿ ಇದ್ರೆ ತೊಳೆದು ಬ್ರೇಕಿಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ಹಚ್ಚು. ಪ್ಯಾಡಿಗೆ ಆಯಿಲ್ ತಾಗಿದ್ರೆ ಪ್ಯಾಡೇ ಬದಲಿಸ್ಬೇಕು. ಅದು ಸರಿ ಆಗೋ ತನಕ ಆಯಿನ ಕೂರಿಸ್ಕೊಂಡು ಕುಮಟೆಗೆ ಇಳೀಬೇಡ.

ಎಂಎಂ540_ಕುಮಟಾ
ಫೋಟೋದಲ್ಲಿ ಹಿಂದೆ ಕಾಣೋ ಏಣಿ ಎಲ್ಲಿ ಮಾಡ್ಸಿದ್ದು? ನನ್ನ ಜೀಪಿಗೂ ಒಂದು ಬೇಕಿತ್ತು.

ದೇವಿಮನೆ_ಜಿಪ್ಸಿ
ಏಣಿ ಇಲ್ಲೇ ಶಿರಸೀಲಿ ವೆಲ್ಡಿಂಗ್ ಅಂಗಡೀಲಿ. ಭಾವ, ಪಿನ್ ನೋಡ್ತೆ. ತೋಟ ಇನ್ನೂ ಅರ್ಧ ಎಕರೆ ಬಾಕಿ ಇದೆ, ಅದು ಮುಗೀತಿದ್ದ ಹಾಗೆ ಬಿಚ್ಚಿ ಫೋಟೋ ಹಾಕ್ತೆ.